ಸೇವೆಗೆ ಹೊರಟವರ ಸಾಲ

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ರಸಾಯನಶಾಸ್ತ್ರದ ಪಿಎಚ್‌ಡಿಗೆ ಸೇರುವವನಿಗೆ ಸಾಮಾನ್ಯವಾಗಿ ಶುಲ್ಕ ಇರುವುದಿಲ್ಲ. ಪಾಠ ಹೇಳಿದ್ದಕ್ಕೋ ಪ್ರಯೋಗಾಲಯದಲ್ಲಿ ದುಡಿದದ್ದಕ್ಕೋ ತಿಂಗಳಿಗಿಷ್ಟು ಎಂದು ಹಣವೂ ಬರುತ್ತದೆ. ಅದೇ ಆವರಣದ ಇನ್ನೊಂದು ಕಟ್ಟಡದಲ್ಲಿ ಫಿಸಿಯೋಥೆರಪಿಯ ಡಾಕ್ಟರೇಟ್‌ಗೆ ಸೇರುವವಳು ಮೂರು ವರ್ಷದ ಶುಲ್ಕ, ಊಟ, ಬಾಡಿಗೆ ಎಲ್ಲವನ್ನೂ ತಾನೇ ಹೊಂದಿಸಿಕೊಳ್ಳಬೇಕು. ಲಕ್ವ ಹೊಡೆದು ಮಲಗಿದ ಮುದುಕನನ್ನು ಮತ್ತೆ ನಡೆಸುವವಳು ಅವಳು. ನರ್ಸಿಂಗ್, ಸಮಾಜಕಾರ್ಯ, ಸಾರ್ವಜನಿಕ ಆರೋಗ್ಯ, ಶಿಕ್ಷಕರ ತರಬೇತಿ ಇವುಗಳಲ್ಲಿ ಸ್ನಾತಕೋತ್ತರ ಪದವಿಗೆ ಸೇರುವವರ ಪಾಡೂ ಬಹುಮಟ್ಟಿಗೆ ಇದೇ. ಸಂಶೋಧನೆಗೆ ಹಣ ಕೊಡುವುದು ಸರಿ, ಅದು ಇನ್ನೂ ಹೆಚ್ಚಲಿ. ಆದರೆ ಓದು ಮುಗಿದ ಮರುದಿನವೇ ಜನರ ನಡುವೆ ನಿಂತು ದುಡಿಯುವವರ ಓದಿನ ಖರ್ಚು ಮಾತ್ರ ಅವರವರ ಮನೆಯ ಕಷ್ಟ ಎಂದು ಒಪ್ಪಿಕೊಂಡು ಕೂತಿದ್ದೇವಲ್ಲ, ಆ ಒಪ್ಪಿಗೆ ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಈ ಭೇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಪಿಎಚ್‌ಡಿ ವಿದ್ಯಾರ್ಥಿ ಕೆಳಗಿನ ತರಗತಿಗಳಿಗೆ ಪಾಠ ಮಾಡುತ್ತಾನೆ, ಉತ್ತರಪತ್ರಿಕೆ ತಿದ್ದುತ್ತಾನೆ, ಪ್ರಾಧ್ಯಾಪಕರು ತಂದ ಅನುದಾನದ ಕೆಲಸ ಮಾಡಿಕೊಡುತ್ತಾನೆ. ಸಂಸ್ಥೆಗೆ ಅವನ ದುಡಿಮೆ ಬೇಕು. ಸ್ನಾತಕೋತ್ತರ ವಿದ್ಯಾರ್ಥಿಯಿಂದ ಬೇಕಾಗಿರುವುದು ಶುಲ್ಕ. ಯಾರಿಗೆ ಸಂಬಳ, ಯಾರಿಗೆ ಸಾಲ ಎಂಬುದು ಹೀಗೆ ಸಂಸ್ಥೆಯ ಅನುಕೂಲದಿಂದ ತೀರ್ಮಾನವಾಗಿದೆ. ಸಮಾಜಕ್ಕೆ ಯಾರು ಎಷ್ಟು ಬೇಕು ಎಂಬ ವಿಚಾರಕ್ಕೆ ಅಲ್ಲಿ ಜಾಗವಿಲ್ಲ. ಮನುಷ್ಯರೇ ಮಾಡಿದ ಏರ್ಪಾಡನ್ನು ಹಣೆಬರಹವೆಂದು ನಂಬುವ ಅಭ್ಯಾಸ ನಮ್ಮಲ್ಲಿ ಹಳೆಯದು. ಜಾತಿಯನ್ನು ಹಾಗೆ ನಂಬಿದ್ದೆವು, ಹೆಣ್ಣಿನ ಮೇಲಿನ ಕಟ್ಟುಪಾಡುಗಳನ್ನು ಹಾಗೆ ನಂಬಿದ್ದೆವು. ಓದಿನ ಸಾಲವನ್ನೂ ಈಗ ಹಾಗೆಯೇ ನಂಬುತ್ತಿದ್ದೇವೆ. ಹಾಗಾಗಿ ಇದನ್ನು ಯಾರು ಕಟ್ಟಿದರು, ಯಾವಾಗ ಕಟ್ಟಿದರು ಎಂದು ನೋಡಬೇಕು.

ಅಮೆರಿಕದ ಸರ್ಕಾರ 2006ರಲ್ಲಿ ಗ್ರ್ಯಾಡ್ ಪ್ಲಸ್ ಎಂಬ ಸಾಲ ಕೊಡಲು ತೊಡಗಿತು. ಬೇರೆ ನೆರವು ಕಳೆದು ಉಳಿದದ್ದು ಎಷ್ಟೇ ಇರಲಿ, ಕಾಲೇಜು ಹೇಳಿದ ಪೂರ್ತಿ ಖರ್ಚಿನಷ್ಟು ಸಾಲ ಸಿಗುತ್ತಿತ್ತು. 2024-25ರಲ್ಲಿ ಅದರ ಬಡ್ಡಿ ಶೇ. 9.08. ಓದುತ್ತಿರುವಾಗಲೇ ಬಡ್ಡಿ ಬೆಳೆಯುತ್ತಿತ್ತು. ಸರ್ಕಾರದ ನೆರವು ಹೆಚ್ಚಿದಷ್ಟೂ ಕಾಲೇಜುಗಳು ಶುಲ್ಕ ಏರಿಸುತ್ತವೆ ಎಂದು ಅಲ್ಲಿನ ಶಿಕ್ಷಣ ಕಾರ್ಯದರ್ಶಿಯಾಗಿದ್ದ ವಿಲಿಯಂ ಬೆನೆಟ್ 1987ರಲ್ಲೇ ಹೇಳಿದ್ದರು. ಎಲ್ಲ ಬಗೆಯ ಕಾಲೇಜಿಗೂ ಆ ಮಾತು ಒಂದೇ ಸಮ ಹೊಂದುವುದಿಲ್ಲ. ಮಿತಿಯೇ ಇಲ್ಲದ ಸಾಲದ ಮಟ್ಟಿಗೆ ಅದನ್ನು ತಳ್ಳಿಹಾಕುವುದು ಕಷ್ಟ. ಈ ನಡುವೆ ಪದವಿಗಳೂ ಉದ್ದವಾದವು. ಫಿಸಿಯೋಥೆರಪಿಗೆ ಅಲ್ಲಿ ಒಂದು ಕಾಲಕ್ಕೆ ಮೊದಲ ಪದವಿ ಸಾಕಿತ್ತು, ಆಮೇಲೆ ಸ್ನಾತಕೋತ್ತರ ಬೇಕಾಯಿತು, 2016ರಿಂದ ಡಾಕ್ಟರೇಟ್ ಕೊಡದ ಕೋರ್ಸಿಗೆ ಮಾನ್ಯತೆಯೇ ಇಲ್ಲ. ಫಾರ್ಮಸಿ ಅದಕ್ಕೂ ಮೊದಲೇ ಆ ದಾರಿ ಹಿಡಿದಿತ್ತು. ಕಲಿಯಬೇಕಾದದ್ದು ಹೆಚ್ಚಿದೆ, ಒಪ್ಪೋಣ. ಆದರೆ ವರ್ಷಗಳನ್ನು ಹೆಚ್ಚಿಸಿದವರು ಅದರ ಖರ್ಚು ಹೊರಲಿಲ್ಲ. ಹೊತ್ತವರನ್ನು ಯಾರೂ ಕೇಳಿರಲಿಲ್ಲ.

2025ರ ಜುಲೈ 4ರಂದು ಸಹಿಯಾದ ಕಾನೂನು ಈ ಸಾಲಕ್ಕೆ ಕೊನೆ ಹಾಡಿತು. 2026ರ ಜುಲೈ 1ರಿಂದ ಹೊಸದಾಗಿ ಸೇರುವವರಿಗೆ ಗ್ರ್ಯಾಡ್ ಪ್ಲಸ್ ಇಲ್ಲ. ಸ್ನಾತಕೋತ್ತರದವರಿಗೆ ವರ್ಷಕ್ಕೆ 20,500 ಡಾಲರ್, ಒಟ್ಟು 1 ಲಕ್ಷ ಡಾಲರ್. ವೃತ್ತಿಪರ ಎಂದು ಗುರುತಿಸಿದ ಪದವಿಗಳಿಗೆ ವರ್ಷಕ್ಕೆ 50,000, ಒಟ್ಟು 2 ಲಕ್ಷ. ಮಿತಿ ಹಾಕಿದ್ದನ್ನೇ ತಪ್ಪೆನ್ನಲಾರೆ. ಇಪ್ಪತ್ತೈದರ ಹುಡುಗಿಗೆ ಜೀವಮಾನವಿಡೀ ತೀರದ ಸಾಲ ಕೊಡುವುದು ದಯೆಯಲ್ಲ. ಆದರೆ ಶುಲ್ಕ ಇಳಿಸದೆ ಸಾಲವನ್ನಷ್ಟೇ ಇಳಿಸಿದರೆ ನಡುವೆ ಉಳಿದ ಕಂದಕಕ್ಕೆ ಖಾಸಗಿ ಸಾಲದವರು ಬರುತ್ತಾರೆ. ಅವರು ಜೊತೆಗೆ ಸಹಿ ಹಾಕುವವರು ಯಾರು ಎಂದು ಕೇಳುತ್ತಾರೆ. ಡಾಕ್ಟರ ಮಗಳಿಗೆ ಆ ಸಹಿ ಸಿಗುತ್ತದೆ, ಮನೆಗೆಲಸದವಳ ಮಗಳಿಗೆ ಸಿಗುವುದಿಲ್ಲ. ಅವಳ ಬುದ್ಧಿಯನ್ನಾಗಲಿ ಶ್ರಮವನ್ನಾಗಲಿ ಅಲ್ಲಿ ಯಾರೂ ಅಳೆಯುವುದಿಲ್ಲ.

ವೃತ್ತಿಪರ ಪದವಿ ಯಾವುದು ಎಂದು ತೀರ್ಮಾನಿಸಲು ಶಿಕ್ಷಣ ಇಲಾಖೆ ಕೂರಿಸಿದ ಸಮಿತಿ 2025ರ ನವೆಂಬರಿನಲ್ಲಿ ಒಂದು ಕರಡನ್ನು ಒಪ್ಪಿತು. ವೈದ್ಯಕೀಯ, ದಂತವೈದ್ಯ, ಫಾರ್ಮಸಿ, ಪಶುವೈದ್ಯ, ಕಾನೂನು ಅದರಲ್ಲಿವೆ. ದೇವಶಾಸ್ತ್ರ ಇದೆ. ವೈಜ್ಞಾನಿಕ ಆಧಾರದ ಬಗ್ಗೆ ಇಂದಿಗೂ ವಾದ ನಡೆಯುತ್ತಿರುವ ಕೈರೋಪ್ರಾಕ್ಟಿಕ್ ಎಂಬ ಬೆನ್ನುಮೂಳೆಯ ಚಿಕಿತ್ಸೆಯೂ ಇದೆ. ನರ್ಸಿಂಗ್ ಇಲ್ಲ, ಫಿಸಿಯೋಥೆರಪಿ ಇಲ್ಲ, ಸಮಾಜಕಾರ್ಯ ಇಲ್ಲ, ಸಾರ್ವಜನಿಕ ಆರೋಗ್ಯ ಇಲ್ಲ. ನರ್ಸುಗಳ ಸಂಘಟನೆ ಪ್ರತಿಭಟಿಸಿದಾಗ, ಇದು ಸಾಲದ ಮಿತಿಗಾಗಿ ಮಾಡಿದ ವಿಂಗಡಣೆಯೇ ಹೊರತು ಯಾವ ವೃತ್ತಿಯ ಬೆಲೆಯನ್ನೂ ಅಳೆದದ್ದಲ್ಲ ಎಂದು ಇಲಾಖೆ ವಿವರಿಸಿತು. ಆ ವಿವರಣೆಯನ್ನು ಪ್ರಾಮಾಣಿಕವೆಂದೇ ತೆಗೆದುಕೊಂಡರೂ, ಕೈಯಲ್ಲಿ ಕಾಸಿಲ್ಲದವಳಿಗೆ ಅದರಿಂದ ಯಾವ ಸಮಾಧಾನವೂ ಸಿಗುವುದಿಲ್ಲ. ಮಿತಿಯೇ ಬಾಗಿಲು ಮುಚ್ಚುತ್ತದೆ. ಪಟ್ಟಿಯಿಂದ ಹೊರಗೆ ಉಳಿದ ವೃತ್ತಿಗಳಲ್ಲಿ ದುಡಿಯುವವರು ಬಹುಪಾಲು ಹೆಂಗಸರು ಎಂಬುದನ್ನು ನಾನು ಕಾಕತಾಳೀಯವೆಂದು ಬಿಟ್ಟುಬಿಡಲಾರೆ. ಆರೈಕೆ ಎಲ್ಲೇ ಇರಲಿ, ಅದನ್ನು ಹೆಂಗಸರು ಹೇಗೂ ಮಾಡಿಯೇ ಮಾಡುತ್ತಾರೆ ಎಂದುಕೊಂಡು ನಡೆದ ಲೋಕ ಇದು.

ಸೇವೆಗೆ ಹೋಗುವವರಿಗೆ ಸಾಲ ಮನ್ನಾ ಇದೆಯಲ್ಲ ಎನ್ನುತ್ತಾರೆ. ಇದೆ. ಸರ್ಕಾರದಲ್ಲೋ ಲಾಭಕ್ಕಲ್ಲದ ಸಂಸ್ಥೆಯಲ್ಲೋ ದುಡಿಯುತ್ತ 120 ಕಂತು ಕಟ್ಟಿದವರ ಉಳಿದ ಸಾಲ ಮನ್ನಾ ಎಂದು 2007ರಲ್ಲಿ ಕಾನೂನಾಯಿತು. ಹತ್ತು ವರ್ಷ ಕಾದು ಮೊದಲ ಸುತ್ತಿನಲ್ಲಿ ಅರ್ಜಿ ಹಾಕಿದವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿಯ ಅರ್ಜಿ ತಿರಸ್ಕೃತವಾಯಿತು. ಸಾಲದ ಬಗೆ ಬೇರೆ, ಕಂತಿನ ಯೋಜನೆ ಬೇರೆ, ಫಾರಂ ಸರಿಯಿಲ್ಲ ಎಂಬಂಥ ಕಾರಣಗಳು. ಮುಂದೆ ನಿಯಮ ಸಡಿಲಿಸಿ ಲಕ್ಷಾಂತರ ಜನರಿಗೆ ಮನ್ನಾ ಸಿಕ್ಕಿತು, ನಿಜ. ಆದರೆ ಒಬ್ಬ ಶಾಲಾ ಮೇಷ್ಟರ ಹತ್ತು ವರ್ಷದ ನಂಬಿಕೆ ಗುಮಾಸ್ತನ ಒಂದು ಟಿಪ್ಪಣಿಯ ಮೇಲೆ ನಿಲ್ಲಬಾರದಿತ್ತು. ಇದಕ್ಕಿಂತ ನ್ಯಾಯವಾದ ದಾರಿಯೂ ಅದೇ ದೇಶದಲ್ಲಿದೆ. ವೈದ್ಯರು ಸಿಗದ ಊರುಗಳಲ್ಲಿ ಕೆಲವು ವರ್ಷ ದುಡಿಯುತ್ತೇನೆ ಎಂದು ಒಪ್ಪಿದವರಿಗೆ ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್ ಓದುವಾಗಲೇ ಶುಲ್ಕ ಕಟ್ಟುತ್ತದೆ. ಇಲ್ಲಿ ಮೊದಲು ಮಾತು ಉಳಿಸಿಕೊಳ್ಳುವುದು ಸರ್ಕಾರ. ಬಲವುಳ್ಳವನು ಮೊದಲು ಕೊಡಬೇಕು ಎಂಬುದನ್ನು ನಾನು ನೀತಿಯೆಂದೇ ತಿಳಿದಿದ್ದೇನೆ.

ದಾನಿಗಳ ಮಾತನ್ನೂ ಹೇಳಬೇಕು. 2024ರ ಫೆಬ್ರುವರಿಯಲ್ಲಿ ರೂತ್ ಗಾಟ್ಸ್‌ಮನ್ ಎಂಬ ನಿವೃತ್ತ ಪ್ರಾಧ್ಯಾಪಕಿ ತಾವು ದುಡಿದ ನ್ಯೂಯಾರ್ಕಿನ ಬ್ರಾಂಕ್ಸ್‌ನ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿಗೆ 100 ಕೋಟಿ ಡಾಲರ್ ಕೊಟ್ಟರು. ಅಲ್ಲಿ ಇನ್ನು ಯಾವ ವಿದ್ಯಾರ್ಥಿಯೂ ಶುಲ್ಕ ಕಟ್ಟಬೇಕಿಲ್ಲ. ದೊಡ್ಡ ಮನಸ್ಸು, ಕೈಮುಗಿಯಬೇಕು. ಆದರೂ ದಾನ ಒಲಿದ ಕಡೆ ಒಲಿಯುತ್ತದೆ. ಡಾಕ್ಟರಾಗುವವರಿಗೆ ಸಿಕ್ಕದ್ದು ಅದೇ ವಾರ್ಡಿನಲ್ಲಿ ರಾತ್ರಿಪಾಳಿ ಮಾಡುವ ನರ್ಸಿಗೆ ಸಿಗಲಿಲ್ಲ.

ಅಮೆರಿಕಕ್ಕೆ ಸ್ನಾತಕೋತ್ತರ ಓದಲು ಹೋದ ಭಾರತೀಯರಲ್ಲಿ ಎಲ್ಲರಿಗಿಂತ ದೊಡ್ಡವರೂ ಇನ್ನೊಬ್ಬರ ಹಣದಲ್ಲೇ ಹೋದವರು. 1913ರಲ್ಲಿ ಅಂಬೇಡ್ಕರರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೊರಟದ್ದು ಬರೋಡದ ಸಯಾಜಿರಾವ್ ಗಾಯಕವಾಡರು ಕೊಟ್ಟ ವಿದ್ಯಾರ್ಥಿವೇತನದಿಂದ. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಹಿಂದಿರುಗಿದ ಮೇಲೆ ಹತ್ತು ವರ್ಷ ಬರೋಡದ ಸೇವೆ ಮಾಡಬೇಕೆಂಬ ಕರಾರು. 1917ರಲ್ಲಿ ಅವರು ಕರಾರಿನಂತೆ ಬರೋಡಕ್ಕೆ ಹೋದರು. ಇರಲು ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಉಳಿದಿದ್ದಾಗ ಜಾತಿ ಗೊತ್ತಾಗಿ ದೊಣ್ಣೆ ಹಿಡಿದವರು ಬಂದು ಹೊರದೂಡಿದರು. ಲಂಡನ್ನಿನಲ್ಲಿ ಅರ್ಧಕ್ಕೆ ನಿಂತ ಓದನ್ನು 1920ರಲ್ಲಿ ಮುಂದುವರಿಸಲು ಸ್ವಂತ ಉಳಿತಾಯ, ಶಾಹು ಮಹಾರಾಜರ ನೆರವು, ಗೆಳೆಯನೊಬ್ಬನ ಸಾಲ ಮೂರನ್ನೂ ಕೂಡಿಸಬೇಕಾಯಿತು. ಹಣ ಕೊಟ್ಟ ರಾಜ್ಯ, ಓದಿ ಬಂದವನಿಗೆ ಮರ್ಯಾದೆಯಿಂದ ದುಡಿಯುವ ಜಾಗ ಕೊಡಲಾರದೆ ಹೋಯಿತು. ಸೇವೆಯ ಕರಾರು ಬರೆಸಿಕೊಳ್ಳುವ ಯಾವ ಸರ್ಕಾರವೂ ಈ ಘಟನೆಯನ್ನು ಮರೆಯಬಾರದು.

ಸ್ವತಂತ್ರ ಭಾರತ ಆ ಹೊಣೆಯನ್ನು ತಾನೇ ಹೊತ್ತುಕೊಂಡಿತು. ದಲಿತರಿಗೂ ಇತರ ಕೆಲವು ವಂಚಿತ ಸಮುದಾಯಗಳಿಗೂ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ನಮ್ಮ ರಾಜ್ಯದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ. ಆದರೆ 2025ರ ಜುಲೈನಲ್ಲಿ ಕೇಂದ್ರದ ಯೋಜನೆಗೆ ಆಯ್ಕೆಯಾದ 106 ಮಂದಿಯಲ್ಲಿ 40 ಮಂದಿಗೆ ಮಾತ್ರ ತಾತ್ಕಾಲಿಕ ಮಂಜೂರಾತಿ ಪತ್ರ ಹೋಯಿತು. ಉಳಿದವರಿಗೆ ಹಣ ಬಂದರೆ ನೋಡೋಣ ಎಂಬ ಉತ್ತರ. ಸೀಟು ಸಿಕ್ಕಿದೆ, ತರಗತಿ ಶುರುವಾಗುವ ದಿನ ಹತ್ತಿರವಾಗಿದೆ, ಊರಿಗೆಲ್ಲ ಸುದ್ದಿ ಹಬ್ಬಿದೆ. ಆ ಹೊತ್ತಿಗೆ ಕೇಳುವ ಇಂಥ ಉತ್ತರ ಬರಿಯ ಆಡಳಿತದ ವಿಳಂಬವಲ್ಲ. ಅದು ಕೊಟ್ಟ ಮಾತನ್ನು ಮುರಿಯುವುದು.

ಉಳಿದ ಮನೆಗಳದು ಬೇರೆ ಕಥೆ. ಅಮೆರಿಕ ಸರ್ಕಾರದ ಸಾಲ ನಮ್ಮ ಕಡೆಯಿಂದ ಹೋಗುವವರಿಗೆ ಸಿಗುವುದೇ ಇಲ್ಲ. ಹಾಸನದಿಂದಲೋ ದಾವಣಗೆರೆಯಿಂದಲೋ ಎಂಎಸ್‌ಗೆ ಹೊರಡುವ ಹುಡುಗನಿಗೆ ಮೊದಲು ಬೇಕಾಗುವುದು ಒಂದು ವರ್ಷದ ಖರ್ಚು ಕೈಯಲ್ಲಿದೆ ಎಂದು ತೋರಿಸುವ ಕಾಗದ. ಅದಿಲ್ಲದೆ ವಿಶ್ವವಿದ್ಯಾಲಯ ಐ-20 ಪತ್ರ ಕೊಡುವುದಿಲ್ಲ, ಐ-20 ಇಲ್ಲದೆ ವೀಸಾ ಇಲ್ಲ. ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಕೇಳುತ್ತವೆ. ಅಪ್ಪ ಜೀವಮಾನದ ಸಂಬಳ ಕೂಡಿಸಿ ಕಟ್ಟಿದ ಮನೆಯ ಪತ್ರ ಬ್ಯಾಂಕಿಗೆ ಹೋಗುತ್ತದೆ.

ಲೆಕ್ಕ ಹಾಕಿ ನೋಡಿ. ನಲವತ್ತು ಲಕ್ಷ ಸಾಲ, ಶೇ. 10.5 ಬಡ್ಡಿ ಎಂದಿಟ್ಟುಕೊಳ್ಳಿ. ಪೂರ್ತಿ ಹಣ ಪಡೆದ ಮೇಲೆ ಬಡ್ಡಿಯೇ ವರ್ಷಕ್ಕೆ 4 ಲಕ್ಷ 20 ಸಾವಿರ. ಓದುವಾಗಿನ ಬಡ್ಡಿಯನ್ನು ಬೇರೆಯೇ ಕಟ್ಟಿದರೂ ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 54 ಸಾವಿರ ರೂಪಾಯಿ. ಡಾಲರಿನಲ್ಲಿ ಸಂಬಳ ಬಂದರೆ ಇದು ತೀರುತ್ತದೆ. ಬೆಂಗಳೂರಿಗೆ ಹಿಂದಿರುಗಿ ಕೆಲಸಕ್ಕೆ ಸೇರುವ ಎಷ್ಟೋ ಮಂದಿಯ ಇಡೀ ಸಂಬಳವೇ ಅಷ್ಟಿರುವುದಿಲ್ಲ. ಅಂದರೆ ಮನೆಯ ಪತ್ರ ಅಡವಿಟ್ಟದ್ದು ಓದಿನ ಮೇಲಲ್ಲ, ಇನ್ನೊಂದು ದೇಶದ ವಲಸೆ ನಿಯಮ ಬದಲಾಗದು ಎಂಬ ಭರವಸೆಯ ಮೇಲೆ. 2025ರ ಸೆಪ್ಟೆಂಬರಿನಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾದ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕವೆಂಬ ಘೋಷಣೆ ಒಂದೇ ರಾತ್ರಿಯಲ್ಲಿ ಹೊರಟದ್ದನ್ನು ನೋಡಿದ್ದೇವೆ. ಹುಡುಗನ ಶ್ರದ್ಧೆಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಕೆಲಸ ಸಿಗದೆ ಮರಳಿದವನನ್ನು ನೆಂಟರು ಸೋತವನಂತೆ ನೋಡುತ್ತಾರೆ. ಆ ನೋಟಕ್ಕೆ ಹೆದರಿ, ವಾರಕ್ಕೆ 20 ಗಂಟೆಯ ಕ್ಯಾಂಪಸ್ ಕೆಲಸದ ಮಿತಿ ದಾಟಿ, ಹೊರಗೆ ಕದ್ದು ದುಡಿಯುವ ಹುಡುಗರಿದ್ದಾರೆ. ಕೂಲಿ ಕಡಿಮೆ ಕೊಟ್ಟರೆ ದೂರು ಕೊಡುವಂತೆಯೂ ಇಲ್ಲ. ಅವರನ್ನು ಬಯ್ಯಲು ನನಗೆ ಮನಸ್ಸು ಬಾರದು.

ಹೈದರಾಬಾದಿನ ಹತ್ತಿರದ ಚಿಲ್ಕೂರಿನ ಗುಡಿಯಲ್ಲಿ ವೀಸಾಕ್ಕಾಗಿ ಹನ್ನೊಂದು ಸುತ್ತು ಹಾಕಿ ಹರಕೆ ಹೊರುತ್ತಾರೆ, ಸಿಕ್ಕಿದರೆ ಬಂದು ನೂರೆಂಟು ಸುತ್ತು. ವಿಚಾರವಾದಿಯಾದವನು ಆ ಹರಕೆಯನ್ನು ಖಂಡಿಸಿ ಸುಮ್ಮನಾದರೆ ಅರ್ಧ ಕೆಲಸವೂ ಆಗದು. ಯಾರನ್ನು ಕೇಳಬೇಕು, ಯಾವುದನ್ನು ನಂಬಬೇಕು ಎಂದು ತಿಳಿಯದ ಕಡೆ ಭಯ ಹುಟ್ಟುತ್ತದೆ. ಈ ಕೋರ್ಸು ಮುಗಿಸಿದವರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಎಷ್ಟು ಸಂಬಳಕ್ಕೆ, ಎರಡನೇ ಸೆಮಿಸ್ಟರಿನಿಂದ ಬೋಧನಾ ಸಹಾಯಕರ ಕೆಲಸ ಎಷ್ಟು ಮಂದಿಗೆ ದೊರೆತಿದೆ, ಅದರ ಜೊತೆ ಶುಲ್ಕ ಬಿಡುತ್ತಾರೋ ಇಲ್ಲವೋ ಎಂಬುದನ್ನು ಪ್ರವೇಶಪತ್ರದಲ್ಲೇ ಅಚ್ಚು ಹಾಕುವಂತೆ ವಿಶ್ವವಿದ್ಯಾಲಯಗಳನ್ನು ಕಟ್ಟಿಹಾಕಬೇಕು. ಅಲ್ಲಿಯವರೆಗೆ ಹುಡುಗರೇ ಇಮೇಲ್ ಬರೆದು ಕೇಳಬೇಕು. ಉತ್ತರ ಬಾರದಿದ್ದರೆ ಅದನ್ನೂ ಒಂದು ಪುರಾವೆಯಾಗಿ ತೆಗೆದುಕೊಳ್ಳಬೇಕು. ಕನ್ಸಲ್ಟೆನ್ಸಿಯವರ ಮಾತು ಪುರಾವೆಯಲ್ಲ. ಹಲವರಿಗೆ ಕಮಿಷನ್ ಕೊಡುವುದು ಕಾಲೇಜು.

ಬೇರೆ ದಾರಿಯೇ ಇಲ್ಲ ಎನ್ನುವಂತಿಲ್ಲ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೊರದೇಶದವರಿಗೂ ಬೋಧನಾ ಶುಲ್ಕವಿಲ್ಲ. ವೀಸಾಕ್ಕೆ ಬದುಕಿನ ಖರ್ಚಿನ 11,904 ಯೂರೋ ಖಾತೆಯಲ್ಲಿ ತೋರಿಸಬೇಕು, ಅದೂ ಎಲ್ಲರಿಗೆ ಎಟಕುವ ಹಣವಲ್ಲ. ಆಸ್ಟ್ರೇಲಿಯಾ ತನ್ನ ಪ್ರಜೆಗಳಿಗೆ ಆದಾಯ ನೋಡಿ ಕಂತು ಕಟ್ಟಿಸಿಕೊಳ್ಳುವ ಪದ್ಧತಿಯನ್ನು 1989ರಲ್ಲೇ ತಂದಿತು. ಇಂಗ್ಲೆಂಡ್ 2016ರಿಂದ ಸ್ನಾತಕೋತ್ತರಕ್ಕೂ ಅಂಥ ಸಾಲ ಕೊಡುತ್ತಿದೆ: ವರ್ಷದ ಆದಾಯ 21,000 ಪೌಂಡು ದಾಟಿದರೆ ದಾಟಿದ ಭಾಗದ ಶೇ. 6 ಕಟ್ಟಬೇಕು, ದಾಟದಿದ್ದರೆ ಕಟ್ಟಬೇಕಿಲ್ಲ, ಮೂವತ್ತು ವರ್ಷದ ಮೇಲೆ ಉಳಿದದ್ದು ರದ್ದು. ಆ ಮೊತ್ತ ಅಲ್ಲಿನ ಖರ್ಚಿಗೆ ಸಾಲದೆಂಬ ದೂರಿದೆ. ಆದರೆ ಕೆಲಸ ಕಳೆದುಕೊಂಡವನ ಮನೆ ಬಾಗಿಲಿಗೆ ನೋಟೀಸು ಬರುವುದಿಲ್ಲ.

ನಮ್ಮಲ್ಲಿ ಶಿಕ್ಷಣ ಸಾಲಕ್ಕೆಂದು ಕೇಂದ್ರ 2015ರಲ್ಲಿ ತಂದ ಖಾತರಿ ನಿಧಿ ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಆಸ್ತಿಯ ಬದಲು ತಾನೇ ನಿಲ್ಲುವ ಏರ್ಪಾಡು. ತತ್ವವನ್ನು ಆಗಲೇ ಒಪ್ಪಿಯಾಗಿದೆ, ಮೊತ್ತ ಸಾಲದು. ಅದನ್ನು ಇಂದಿನ ಶುಲ್ಕಕ್ಕೆ ತಕ್ಕಂತೆ ಏರಿಸಿ, ಕಂತನ್ನು ಸಂಬಳಕ್ಕೆ ಹೊಂದಿಸಬೇಕು. ತಾಲೂಕು ಆಸ್ಪತ್ರೆಯಲ್ಲಿ ಇಷ್ಟು ವರ್ಷ ದುಡಿಯುತ್ತೇನೆ ಎಂದು ಒಪ್ಪುವ ನರ್ಸಿನ, ಫಿಸಿಯೋಥೆರಪಿಸ್ಟಿನ ಶುಲ್ಕವನ್ನು ರಾಜ್ಯವೇ ಓದುವಾಗ ಕಟ್ಟಬೇಕು, ಓದಿ ಬಂದ ದಿನ ಅವರಿಗೆ ಹುದ್ದೆಯೂ ಇರುವಂತೆ, ಬಾಡಿಗೆಗೆ ಮನೆಯೂ ಸಿಗುವಂತೆ ನೋಡಿಕೊಳ್ಳಬೇಕು. ಇಷ್ಟಾದರೆ ಬ್ಯಾಂಕು ಅಪ್ಪನ ಮನೆಯ ಪತ್ರ ಕೇಳಲು ಕಾರಣ ಉಳಿಯುವುದಿಲ್ಲ.