ಹದಿನೈದು ಕೆಲಸದ ದಿನ

2024ರ ಡಿಸೆಂಬರ್ 10, ಮಂಗಳವಾರ. ಬೆಂಗಳೂರಿನ ಯಾವುದೋ ಸರ್ಕಾರಿ ಕಚೇರಿಗೆ ಒಂದು ಅರ್ಜಿ ಬಂತು ಅನ್ನಿ. ಹದಿನೈದು ಕೆಲಸದ ದಿನದೊಳಗೆ ಅದು ವಿಲೇವಾರಿ ಆಗಬೇಕು. ಕೊನೆಯ ದಿನ ಯಾವುದು?

ಬೆರಳು ಮಡಿಸಿ ಎಣಿಸಿದರೆ ಡಿಸೆಂಬರ್ 25. ಅಂದು ಕ್ರಿಸ್‌ಮಸ್, ಕಚೇರಿಗೆ ಬೀಗ. ಸರಿ, ಎಕ್ಸೆಲ್‌ನ ವರ್ಕ್‌ಡೇ ಸೂತ್ರವನ್ನು ಕೇಳೋಣ. ರಜೆಪಟ್ಟಿ ಕೊಡದೆ ಕೇಳಿದರೆ ಅದು ಶನಿವಾರ, ಭಾನುವಾರಗಳನ್ನಷ್ಟೇ ಬಿಟ್ಟು ಎಣಿಸಿ ಡಿಸೆಂಬರ್ 31 ಅನ್ನುತ್ತದೆ. ಆದರೆ ನಮ್ಮ ರಾಜ್ಯದ ಕಚೇರಿಗಳಿಗೆ ಎಲ್ಲ ಶನಿವಾರವೂ ರಜೆಯಿಲ್ಲ. ಎರಡನೆಯದು ಮತ್ತು ನಾಲ್ಕನೆಯದು ಮಾತ್ರ. ಅದನ್ನು ತಿದ್ದಿ, ಕ್ರಿಸ್‌ಮಸ್ಸನ್ನೂ ಬಿಟ್ಟು ಎಣಿಸಿದರೆ? ಮತ್ತೆ ಡಿಸೆಂಬರ್ 31! 21ರ ಶನಿವಾರ ಒಳಗೆ ಬಂತು, 25ರ ಬುಧವಾರ ಹೊರಗೆ ಹೋಯಿತು. ತಪ್ಪಿಗೆ ತಪ್ಪು ವಜಾ. ಕೆಟ್ಟ ಸೂತ್ರಗಳು ವರ್ಷಗಟ್ಟಲೆ ಬಾಳುವುದು ಹೀಗೆಯೇ. ಒಂದೆರಡು ಸಾಲು ತಾಳೆ ನೋಡಿದವರು ಸರಿಯಿದೆ ಎಂದು ಮುಂದೆ ಹೋಗಿಬಿಡುತ್ತಾರೆ.

ಲೆಕ್ಕ ಅಲ್ಲಿಗೂ ಮುಗಿಯಲಿಲ್ಲ. ಆ 10ರಂದೇ ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ತೀರಿಕೊಂಡರು, 11ರಂದು ಸರ್ಕಾರ ರಜೆ ಘೋಷಿಸಿತು. 26ರ ರಾತ್ರಿ ಮಾಜಿ ಪ್ರಧಾನಿ ಮನಮೋಹನ ಸಿಂಗ್ ನಿಧನರಾದರು. 27ರಂದು ಮತ್ತೆ ರಜೆ. ಹಿಂದಿನ ವರ್ಷವೇ ಹೊರಟ ರಜೆಪಟ್ಟಿಯಲ್ಲಿ ಇವೆರಡೂ ಇರುವ ಮಾತೇ ಇಲ್ಲ. ಇವನ್ನೂ ಕಳೆದರೆ ಕೊನೆಯ ದಿನ 2025ರ ಜನವರಿ 2.

ವರದಿ ತಯಾರಿಸುವ ತಂತ್ರಾಂಶ ಕೂಡುವ ಕಳೆಯುವ ಕೆಲಸದಲ್ಲಿ ಎಡವುವುದಿಲ್ಲ. ಯಾವ ದಿನ ಕೆಲಸ, ಯಾವ ದಿನ ರಜೆ ಎಂಬುದನ್ನು ನಾವು ಹೇಳಿಕೊಡದಿದ್ದರೆ ಅದು ತನಗೆ ತೋಚಿದ ವಾರವನ್ನು ಹಿಡಿಯುತ್ತದೆ, ಅಷ್ಟೆ. ಎಕ್ಸೆಲ್ 2010ರಲ್ಲಿ ವಾರದ ರಜೆಯನ್ನು ನಾವೇ ಗೊತ್ತುಮಾಡುವ ಅನುಕೂಲ ಬಂತು. ಸೋಮವಾರದಿಂದ ಶುರುಮಾಡಿ ಏಳು ಅಂಕಿ ಬರೆಯಬೇಕು: ಕೆಲಸಕ್ಕೆ 0, ರಜೆಗೆ 1. ಶುಕ್ರವಾರ, ಶನಿವಾರ ರಜೆ ಇರುವ ರಿಯಾದ್‌ಗೆ 0000110. ಶುಕ್ರವಾರದಿಂದ ಭಾನುವಾರದವರೆಗೆ ಕಚೇರಿ ಮುಚ್ಚುವ ಶಾರ್ಜಾಕ್ಕೆ 0000111. ಪಕ್ಕದ ದುಬೈಯಲ್ಲಿ 2022ರಿಂದ ಸರ್ಕಾರಿ ಕಚೇರಿಗಳಿಗೆ ಶುಕ್ರವಾರ ಅರ್ಧ ದಿನ. ಅರ್ಧ ದಿನಕ್ಕೆ ಅಂಕಿಯೇ ಇಲ್ಲ. ನಮ್ಮ ಎರಡನೇ, ನಾಲ್ಕನೇ ಶನಿವಾರಗಳಿಗೂ ಇಲ್ಲ, ಯಾಕೆಂದರೆ ಈ ಏಳು ಅಂಕಿ ಪ್ರತಿ ವಾರವೂ ಹಾಗೆಯೇ ಮರುಕಳಿಸುತ್ತವೆ. ಇಲ್ಲಿ ಮಾಡಬೇಕಾದದ್ದು ಇಷ್ಟು: ವಾರದ ರಜೆ ಭಾನುವಾರ ಮಾತ್ರ ಎಂದು ಹೇಳಿ, ಆ ಶನಿವಾರಗಳನ್ನು ಒಂದೊಂದಾಗಿ ಹಬ್ಬಗಳ ಜೊತೆ ರಜೆಪಟ್ಟಿಗೆ ಸೇರಿಸುವುದು.

ಪವರ್ ಬಿಐ ಎಂಬ ವರದಿ ತಂತ್ರಾಂಶ ಬಳಸುವವರು ಇದನ್ನೇ ಇನ್ನಷ್ಟು ಬಿಡಿಸಿ ಮಾಡುತ್ತಾರೆ. ದಿನಕ್ಕೊಂದು ಸಾಲಿನಂತೆ ಕ್ಯಾಲೆಂಡರ್ ಪಟ್ಟಿ ಕಟ್ಟಿ, ಕೆಲಸದ ದಿನಗಳಿಗೆ 1, 2, 3 ಎಂದು ಕ್ರಮಸಂಖ್ಯೆ ಹಾಕುತ್ತಾರೆ. ಕೆಲಸ ಶುರುವಾದ ದಿನದ ಸಂಖ್ಯೆಗೆ ಹದಿನೈದು ಕೂಡಿಸಿ, ಬಂದ ಸಂಖ್ಯೆ ಯಾವ ದಿನಾಂಕದ ಮುಂದಿದೆ ಎಂದು ಹುಡುಕಿದರೆ ಆಯಿತು. ಸೂತ್ರ ಎರಡು ಸಾಲು. ಪಟ್ಟಿಯನ್ನು ನೋಡಿಕೊಳ್ಳುವುದೇ ದೊಡ್ಡ ಕೆಲಸ, ಅದಕ್ಕೆ ಸಾಮಾನ್ಯವಾಗಿ ಯಾರೂ ವಾರಸುದಾರರಿರುವುದಿಲ್ಲ. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಕೊಡಗು ಜಿಲ್ಲೆಗೆ ಮಾತ್ರ ರಜೆ. ಬೆಂಗಳೂರಿನಲ್ಲಿ ಕೂತು ಒಂದೇ ಪಟ್ಟಿ ಮಾಡಿದರೆ ಮಡಿಕೇರಿಯ ಕಡತಗಳು ವಿನಾಕಾರಣ ತಡವೆಂದು ಕೆಂಪಗಾಗುತ್ತವೆ. ನಾಲ್ಕನೇ ಶನಿವಾರದ ರಜೆ ಬಂದದ್ದು 2019ರಲ್ಲಿ (ಅದರ ಬದಲಿಗೆ ನೌಕರರ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿಯಿತು). ಅದಕ್ಕಿಂತ ಹಳೆಯ ಕಡತಗಳಿಗೆ ಇಂದಿನ ನಿಯಮ ಹಚ್ಚಿದರೆ ಅಂದು ತಡಮಾಡಿದವರೂ ಹೊತ್ತಿಗೆ ಸರಿಯಾಗಿ ಮುಗಿಸಿದವರಾಗಿ ಕಾಣುತ್ತಾರೆ.

ಅರ್ಜಿ ಬಂದ ದಿನವನ್ನು ಎಣಿಸಬೇಕೇ ಬೇಡವೇ ಎಂಬ ಜಗಳ ಬೇರೆ. ವರ್ಕ್‌ಡೇ ಸೂತ್ರ ಅದನ್ನು ಬಿಡುತ್ತದೆ. ಎರಡು ದಿನಾಂಕಗಳ ನಡುವಿನ ಕೆಲಸದ ದಿನ ಎಣಿಸುವ ನೆಟ್‌ವರ್ಕ್‌ಡೇಸ್ ಸೂತ್ರ ಎರಡೂ ತುದಿಗಳನ್ನು ಸೇರಿಸುತ್ತದೆ. ಒಂದೇ ವರದಿಯಲ್ಲಿ ಎರಡನ್ನೂ ಬಳಸಿದರೆ ಹದಿನೈದು ದಿನದ ಕೆಲಸ ಹದಿನಾರಾಗಿ ಕಾಣುತ್ತದೆ. ಕಾನೂನು ಮೊದಲ ಸೂತ್ರದ ಪರ: ಇಂಥ ದಿನದಿಂದ ಎಂದಿದ್ದರೆ ಆ ದಿನವನ್ನು ಬಿಡಬೇಕೆಂದು 1897ರ ಜನರಲ್ ಕ್ಲಾಸಸ್ ಆ್ಯಕ್ಟ್ ಹೇಳುತ್ತದೆ.

ನನಗೆ ಹೆಚ್ಚು ಕಸಿವಿಸಿ ತರುವ ಸಂಗತಿ ಇನ್ನೊಂದಿದೆ. ರಜೆಪಟ್ಟಿಗೆ 11 ಮತ್ತು 27ನ್ನು ಸೇರಿಸಿದ ಕ್ಷಣ ವರದಿಯಲ್ಲಿನ ಕೊನೆಯ ದಿನ ಸದ್ದಿಲ್ಲದೆ ಜನವರಿ 2ಕ್ಕೆ ಸರಿಯುತ್ತದೆ. ಅರ್ಜಿದಾರರ ಕೈಯಲ್ಲಿರುವ ಸ್ವೀಕೃತಿಯಲ್ಲಿ ಡಿಸೆಂಬರ್ 31 ಎಂದೇ ಇದೆ. ಅವರ ಕಣ್ಣಿಗೆ ಎರಡು ದಿನ ತಡ. ಮೇಲಧಿಕಾರಿಯ ಪರದೆಯಲ್ಲಿ ಹಸಿರು. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲದಂಥ ವ್ಯವಸ್ಥೆಯಲ್ಲಿ ತಡಕ್ಕೆ ಬೆಲೆಯೂ ಇದೆ: ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಆದ್ದರಿಂದ ಮೊದಲು ಹೇಳಿದ ದಿನಾಂಕವನ್ನು ಸೂತ್ರಕ್ಕೆ ಬಿಡದೆ ಬರೆದಿಡಬೇಕು. ಬದಲಾದ ದಿನಾಂಕ ಅದರ ಪಕ್ಕದ ಕಾಲಂನಲ್ಲಿರಲಿ, ಬದಲಾಗಲು ಕಾರಣವಾದ ರಜೆಯೂ ಇರಲಿ. ರಜೆ ಕೊಟ್ಟದ್ದು ತಪ್ಪಲ್ಲ, ಮಾತು ಬದಲಾದದ್ದನ್ನು ಅಳಿಸುವುದು ತಪ್ಪು.

ಕೆಲಸದ ದಿನದ ಲೆಕ್ಕ ಕೆಲಸ ಮಾಡುವವರ ಲೆಕ್ಕ. ಅದು ನ್ಯಾಯವೂ ಹೌದು, ರಜೆಯ ದಿನ ಕಡತ ನೋಡಿ ಎನ್ನಲಾಗದು. ಆದರೆ ಎಲ್ಲ ಕಾನೂನುಗಳೂ ಹಾಗೆ ಎಣಿಸುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 30 ದಿನದಲ್ಲಿ ಭಾನುವಾರವೂ ಸೇರಿದೆ, ಹಬ್ಬವೂ ಸೇರಿದೆ. ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ ಎಣಿಕೆ ದಿನದಲ್ಲೂ ಅಲ್ಲ, 48 ಗಂಟೆ. ಅಲ್ಲಿ ಗಡಿಯಾರ ಕೇಳಿದವರ ಕಡೆಗಿದೆ. ಹದಿನೈದು ಕೆಲಸದ ದಿನದಲ್ಲಿ ಮುಗಿಯಿತು ಎಂದು ವರದಿ ಹೇಳುವ ಅರ್ಜಿಗೆ ಅದನ್ನು ಕೊಟ್ಟವರು ಕಾದದ್ದು 23 ದಿನ. ಆ ಸಂಖ್ಯೆಗೂ ಒಂದು ಕಾಲಂ ಬೇಕು. ಅದಕ್ಕೆ ರಜೆಪಟ್ಟಿ ಬೇಡ, ಒಂದು ದಿನಾಂಕದಿಂದ ಇನ್ನೊಂದನ್ನು ಕಳೆದರೆ ಸಾಕು.