ಪ್ರಮಾದ ಮತ್ತು ಗಣಕದ ರಕ್ಷಣೆ

ಉಮಾಸ್ವಾತಿಯ ಜೈನ ಗ್ರಂಥ ‘ತತ್ತ್ವಾರ್ಥಸೂತ್ರ’ವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯನ್ನಷ್ಟೇ ಹೇಳದೆ, ಅದರ ಹಿಂದಿರುವ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಎತ್ತಿ ತೋರಿಸುತ್ತದೆ. ಕೇಡು ಬಗೆಯದವನ ಉದಾಸೀನಕ್ಕೂ ಹೊಣೆಯುಂಟೇ ಎಂಬ ಈ ಪ್ರಶ್ನೆ, ನವಿ ಮುಂಬಯಿಯ ರಬಾಳೆ ಕೈಗಾರಿಕಾ ವಸಾಹತಿನ ಕಚೇರಿಯಲ್ಲಿ ಕುಳಿತು, ಲ್ಯಾಪ್‌ಟಾಪಿನ ಪರದೆಯ ಮೇಲೆ ಮೂಡಿದ ಅಪ್‌ಡೇಟ್ ಸೂಚನೆಯನ್ನು ದಿನವೂ ನಾಳೆಗೆ ಮುಂದೂಡುವ ನೌಕರನಿಗೂ ಅನ್ವಯಿಸುತ್ತದೆ.

2017ರ ಜೂನ್ 27ರಂದು ಉಕ್ರೇನಿನಿಂದ ಹಬ್ಬಿದ ‘ನಾಟ್‌ಪೆಟ್ಯಾ’ ಎಂಬ ಕುತಂತ್ರಾಂಶವು ಹಡಗು ಸಾಗಣೆಯ ಮರ್ಸ್ಕ್ ಸಮೂಹದ ಗಣಕಜಾಲವನ್ನು ಹೊಕ್ಕಾಗ, ನವಿ ಮುಂಬಯಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಮೂಹ ನಡೆಸುತ್ತಿದ್ದ ಟರ್ಮಿನಲ್‌ನ ಕಂಟೇನರ್ ಸಾಗಾಟವೂ ಅಸ್ತವ್ಯಸ್ತಗೊಂಡಿತು. ಆ ಕುತಂತ್ರಾಂಶ ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ಪರಿಹಾರ ಒದಗಿಸಿತ್ತು. ಆದರೆ ಗಮನಿಸಬೇಕಾದ ಸಂಗತಿ ಬೇರೆಯಿದೆ: ದುರಸ್ತಿಯಾಗದ ಒಂದು ಗಣಕದೊಳಗೆ ಸೇರಿದ ಮೇಲೆ ಅದು ಅಲ್ಲಿನ ಸ್ಮೃತಿಯಿಂದ ಪಾಸ್‌ವರ್ಡುಗಳನ್ನು ಕದ್ದು, ದುರಸ್ತಿಯಾದ ನೆರೆಯ ಗಣಕಗಳಿಗೂ ನುಗ್ಗಬಲ್ಲದಾಗಿತ್ತು. ಹೀಗೆ ಒಬ್ಬನ ಪ್ರಮಾದದ ಫಲವನ್ನು ಎಚ್ಚರದಿಂದಿದ್ದವನೂ ಉಣ್ಣಬೇಕಾಗುವುದರಿಂದ, ಅದನ್ನು ಖಾಸಗಿ ದೌರ್ಬಲ್ಯವೆಂದು ತಳ್ಳಿಹಾಕುವುದು ಸರಿಯಲ್ಲ.

ಇದೇ ಘಟನೆಗೆ ಇನ್ನೊಂದು ಮುಖವೂ ಇದೆ. ಈ ಕುತಂತ್ರಾಂಶ ಮೊದಲು ಹರಡಿದ್ದು ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ಅಧಿಕೃತ ಅಪ್‌ಡೇಟ್ ಮೂಲಕವೇ. ಕರ್ತವ್ಯವೆಂದು ಅದನ್ನು ಅಳವಡಿಸಿಕೊಂಡವರೇ ಮೊದಲು ಬಲಿಯಾದರು. ಯತ್ನಾಚಾರ, ಅಂದರೆ ಜಾಗರೂಕತೆಯಿಂದ ಕೂಡಿದ ನಡೆ, ಇದ್ದಲ್ಲಿ ಹಾನಿ ಸಂಭವಿಸಿದರೂ ಹಿಂಸೆಯ ದೋಷ ಅಂಟದೆಂದು ಜೈನ ಆಚಾರ್ಯರು ಹೇಳುವುದು ಇಂಥವರ ಪಾಲಿಗೆ ನ್ಯಾಯವಾದ ಮಾತು. ಆದ್ದರಿಂದ ಗಣಕ ಕೆಟ್ಟಿತೆಂಬ ಒಂದೇ ಕಾರಣಕ್ಕೆ ನೌಕರನನ್ನು ದಂಡಿಸುವ ಸಂಸ್ಥೆಯು, ಅವನು ಎಚ್ಚರ ವಹಿಸಿದ್ದನೇ ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ.