‘ಎಲ್ಲ ಸರಿಹೋಗುತ್ತೆ’ ಎನ್ನುವ ಮೊದಲು

ಅವನು ಲೆಕ್ಕದಲ್ಲಿ ಚುರುಕಾಗಿದ್ದ. ಆದರೆ ಉತ್ತರ ಒಂಬತ್ತು ಬಂದರೆ ಮಾತ್ರ ಎದ್ದು ನಿಂತು ‘ಗೊತ್ತಿಲ್ಲ ಸಾರ್’ ಎನ್ನುತ್ತಿದ್ದ. ‘ಒಂಬತ್ತು’ ಎಂಬುದು ನಾವು ಅವನಿಗಿಟ್ಟ ಹೆಸರು. ನಡಿಗೆ ಮೆತ್ತಗಿತ್ತು, ದನಿ ಸಣ್ಣಗಿತ್ತು, ಅಷ್ಟು ಸಾಕಾಗಿತ್ತು ನಮಗೆ. ಮೇಷ್ಟ್ರು ಬೋರ್ಡಿನ ಮೇಲೆ ಆ ಅಂಕಿ ಬರೆದರೆ ಇಡೀ ತರಗತಿ ಅವನತ್ತ ತಿರುಗುತ್ತಿತ್ತು. ಮೇಷ್ಟ್ರೂ ಒಮ್ಮೊಮ್ಮೆ ಮೀಸೆಯಡಿಯಲ್ಲಿ ನಗುತ್ತಿದ್ದರು.

ಅವನು ಸಲಿಂಗಿಯೋ, ಟ್ರಾನ್ಸ್‌ಜೆಂಡರೋ, ಎರಡೂ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಂಗಿಸುವವರಿಗೆ ಅದನ್ನು ತಿಳಿಯುವ ಅಗತ್ಯವೂ ಇರಲಿಲ್ಲ. ಒಂದು ದಿನ ಯಾರೋ ಅವನ ಬ್ಯಾಗನ್ನು ಶೌಚಾಲಯದಲ್ಲಿ ಎಸೆದಿದ್ದರು. ಒದ್ದೆಯಾದ ಪುಸ್ತಕಗಳನ್ನು ಬಿಸಿಲಿಗೆ ಹರಡಿಕೊಂಡು ಕೂತಿದ್ದವನ ಪಕ್ಕ ಕೂತು ನಾನು ಹೇಳಿದೆ: ‘ಬಿಡೋ, ಎಲ್ಲ ಸರಿಹೋಗುತ್ತೆ.’ ಅವನು ತಲೆ ಎತ್ತದೆ ಕೇಳಿದ: ‘ಯಾವಾಗ?’

ನನ್ನ ಬಳಿ ಉತ್ತರವಿರಲಿಲ್ಲ. ಮರುದಿನ ಬೋರ್ಡಿನ ಮೇಲೆ ಒಂಬತ್ತು ಬಂದಾಗ ಎಲ್ಲರ ಜೊತೆ ನಾನೂ ನಕ್ಕೆ.

ಅದು 2010ನೇ ಇಸವಿ. ಬಹಳ ವರ್ಷಗಳ ನಂತರ, ನೀತಿಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾಗಿ ‘ಭರವಸೆ’ ಎಂಬ ಮಾತಿನ ಬಗ್ಗೆ ಓದುವಾಗ ತಿಳಿಯಿತು, ನಾನು ಹೇಳಿದ್ದ ಮಾತನ್ನೇ ಅದೇ ವರ್ಷ ಅಮೆರಿಕದಲ್ಲಿ ಇಬ್ಬರು ಕ್ಯಾಮೆರಾ ಮುಂದೆ ಕೂತು ಹೇಳಿದ್ದರು. ಇಂಡಿಯಾನಾ ರಾಜ್ಯದ ಹದಿನೈದರ ಹುಡುಗನೊಬ್ಬ ಶಾಲೆಯಲ್ಲಿ ಇಂಥದೇ ಹಂಗಿಸುವಿಕೆಯಿಂದ ನೊಂದು ಜೀವ ಕಳೆದುಕೊಂಡಿದ್ದ. ಅದನ್ನು ಕೇಳಿ ಅಂಕಣಕಾರ ಡ್ಯಾನ್ ಸ್ಯಾವೇಜ್ ಮತ್ತು ಅವರ ಸಂಗಾತಿ ಟೆರ್ರಿ ಮಿಲ್ಲರ್ ಸೆಪ್ಟೆಂಬರಿನಲ್ಲಿ ಯೂಟ್ಯೂಬಿಗೆ ಒಂದು ವಿಡಿಯೊ ಹಾಕಿದರು. ನಮ್ಮನ್ನೂ ಶಾಲೆಯಲ್ಲಿ ಹಿಂಸಿಸಿದ್ದರು, ಈಗ ನಮಗೊಂದು ಮನೆಯಿದೆ, ಮಗನಿದ್ದಾನೆ, ತಡೆದುಕೊಳ್ಳಿ, ಮುಂದೆ ಬದುಕು ಚೆನ್ನಾಗಾಗುತ್ತದೆ ಎಂಬುದು ಅದರ ಸಾರ. ‘ಇಟ್ ಗೆಟ್ಸ್ ಬೆಟರ್’ ಎಂಬ ಹೆಸರಿನಲ್ಲಿ ಸಾವಿರಾರು ಜನ ಇಂಥ ವಿಡಿಯೊ ಮಾಡಿದರು. ಅಕ್ಟೋಬರಿನಲ್ಲಿ ಅಧ್ಯಕ್ಷ ಒಬಾಮ ಅವರೂ ಮಾಡಿದರು.

ಅವರು ಹೇಳಿದ್ದೂ ನಾನು ಹೇಳಿದ್ದೂ ಒಂದೇ ಮಾತಾದರೆ, ನನ್ನದು ಇಂದಿಗೂ ನನ್ನನ್ನು ಚುಚ್ಚುವುದೇಕೆ?

ಮೊದಲ ವ್ಯತ್ಯಾಸ ಸುಲಭವಾಗಿ ಕಾಣುತ್ತದೆ. ಅವರದು ಸಾಕ್ಷಿ. ಹೊಳೆ ದಾಟಿದವನು ಆಚೆ ದಡದಿಂದ ಕೂಗಿ ಹೇಳುವ ಮಾತು ಅದು. ತನ್ನಂಥವರು ದೊಡ್ಡವರಾಗಿ ಬದುಕಿರುವುದನ್ನೇ ನೋಡಿರದ ಮಗುವಿಗೆ ಆ ಕೂಗು ಸಣ್ಣದಲ್ಲ. ನಾನು ಆ ಹೊಳೆಗೆ ಇಳಿದವನೇ ಅಲ್ಲ. ದಡದ ಮೇಲೆ ಕೂತು ಈಜುವವನಿಗೆ ಧೈರ್ಯ ಹೇಳಿದ್ದೆ.

ಆದರೆ ಸಾಕ್ಷಿಗೂ ಒಂದು ಮಿತಿಯಿದೆ. 2011ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ಬಳಿಯ 14 ವರ್ಷದ ಹುಡುಗನೊಬ್ಬ ಇದೇ ಸರಣಿಗೆ ತಾನೂ ವಿಡಿಯೊ ಮಾಡಿ, ತನ್ನಂತೆ ನೊಂದವರಿಗೆ ಸಮಾಧಾನ ಹೇಳಿದ. ಅದೇ ಸೆಪ್ಟೆಂಬರಿನಲ್ಲಿ ಅವನೂ ಜೀವ ಕಳೆದುಕೊಂಡ. ಒಂದು ಸಾವಿಗೆ ಒಂದೇ ಕಾರಣ ಹುಡುಕುವುದು ತಪ್ಪು, ಆ ವಿಡಿಯೊಗಳು ವ್ಯರ್ಥ ಎನ್ನುವುದೂ ತಪ್ಪು. ಅವು ಎಷ್ಟು ಜನರನ್ನು ಉಳಿಸಿದವೋ ಎಣಿಸಲು ಬರುವುದಿಲ್ಲ. ಆದರೂ ಆ ಹುಡುಗನಿಗೆ ಮುಂದಿನ ಹತ್ತು ವರ್ಷದ ಬಗ್ಗೆ ಮಾತು ಸಿಕ್ಕಿತ್ತು, ಮರುದಿನದ ಶಾಲೆ ಮಾತ್ರ ಹಾಗೇ ಇತ್ತು.

ಕನ್ನಡದ ಕ್ರಿಯಾಪದವೇ ಇಲ್ಲಿ ನಮ್ಮ ಗುಟ್ಟನ್ನು ಬಿಟ್ಟುಕೊಡುತ್ತದೆ. ‘ಸರಿಹೋಗು’ ಮತ್ತು ‘ಸರಿಮಾಡು’ ಬೇರೆಬೇರೆ. ಸರಿಹೋಗುವುದಕ್ಕೆ ಮಾಡುವವರು ಯಾರೂ ಬೇಡ, ಮಳೆ ನಿಂತ ಹಾಗೆ, ಜ್ವರ ಬಿಟ್ಟ ಹಾಗೆ ಅದು ತಾನಾಗಿ ಆಗುತ್ತದೆ. ಸರಿಮಾಡುವುದಕ್ಕೆ ಒಬ್ಬ ಕರ್ತೃ ಬೇಕು. ನಾನು ಅವನ ಪಕ್ಕ ಕೂತು ಆರಿಸಿಕೊಂಡದ್ದು ಕರ್ತೃವಿಲ್ಲದ ಕ್ರಿಯಾಪದವನ್ನು. ಅವನ ‘ಯಾವಾಗ?’ ಎಂಬ ಪ್ರಶ್ನೆಯೊಳಗೆ ‘ಯಾರಿಂದ?’ ಎಂಬ ಪ್ರಶ್ನೆಯೂ ಇತ್ತು. ನನಗದು ಕೇಳಿಸಲಿಲ್ಲ.

ಕಾಲವೇ ಎಲ್ಲವನ್ನೂ ಸರಿಮಾಡುತ್ತದೆ ಎನ್ನುವವರು ನಮ್ಮ ಕಾನೂನಿನ ಚರಿತ್ರೆಯನ್ನು ನೋಡಬೇಕು. ನಾವು ಅವನನ್ನು ನೋಡಿ ನಗುತ್ತಿದ್ದಾಗ, ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟು ವರ್ಷ ಕಳೆದಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯ ತನ್ನ ತಪ್ಪನ್ನು ತಿದ್ದಿಕೊಂಡಿತು. ಈ ದಾರಿ ಹಿಂದಕ್ಕೂ ಹೋಗಿದೆ, ಮುಂದಕ್ಕೂ ಬಂದಿದೆ. ಪ್ರತಿ ಸಲ ಮುಂದಕ್ಕೆ ತಂದವರು ಅರ್ಜಿ ಹಾಕಿದ, ವಾದಿಸಿದ, ಬೀದಿಗಿಳಿದ ಮನುಷ್ಯರು. ಟ್ರಾನ್ಸ್‌ಜೆಂಡರ್ ಮಕ್ಕಳನ್ನು ಶಾಲೆಗಳು ಹೇಗೆ ಒಳಗೊಳ್ಳಬೇಕೆಂದು ಶಿಕ್ಷಕರಿಗಾಗಿ ಎನ್‌ಸಿಇಆರ್‌ಟಿ ಸಿದ್ಧಪಡಿಸಿದ ಕೈಪಿಡಿ 2021ರಲ್ಲಿ ಹೊರಬಂತು. ಆಕ್ಷೇಪಗಳು ಬಂದವು, ಕೆಲವೇ ದಿನಗಳಲ್ಲಿ ಅದು ಜಾಲತಾಣದಿಂದ ಮರೆಯಾಯಿತು. ಕಾಲ ಮುಂದೆ ಹೋದದ್ದರಿಂದಲೇ ಶಾಲೆಯೂ ಮುಂದೆ ಹೋಗುವುದಿಲ್ಲ.

ಕಾಯುವ ಸೌಲಭ್ಯವೂ ಎಲ್ಲರಿಗೆ ಸಮನಾಗಿಲ್ಲ. ‘ಪಿಯುಸಿ ಮುಗಿಸಿ ಬೆಂಗಳೂರಿಗೆ ಹೋಗು, ಅಲ್ಲಿ ಯಾರೂ ಕೇಳಲ್ಲ’ ಎಂಬ ಸಲಹೆ ಹಾಸ್ಟೆಲ್ ಫೀಸು ಕಟ್ಟಬಲ್ಲವನಿಗೆ ದಕ್ಕೀತು. ಎಸ್ಸೆಸ್ಸೆಲ್ಸಿಯ ನಂತರ ಮದುವೆ ಮಾಡಿಬಿಡುವ ಮನೆಯ ಹುಡುಗಿಗೆ ಆಚೆ ದಡವೇ ಇಲ್ಲ.

ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಅವರ ಬದುಕನ್ನು ನಾವು ಪದ್ಮಶ್ರೀಯಿಂದ ಹಿಂದಕ್ಕೆ ಓದುತ್ತೇವೆ. 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷೆ, 2021ರಲ್ಲಿ ಪದ್ಮಶ್ರೀ. ಆದರೆ ಎಳವೆಯಲ್ಲಿ ಸಾಯಲು ಹೊರಟಿದ್ದನ್ನೂ ಭಿಕ್ಷೆ ಬೇಡಿದ್ದನ್ನೂ ಅವರೇ ಹೇಳಿಕೊಂಡಿದ್ದಾರೆ. ಅವರನ್ನು ಉಳಿಸಿದ್ದು ಮುಂದೆಂದೋ ಬರಲಿದ್ದ ಪ್ರಶಸ್ತಿಯಲ್ಲ. ಜೋಗತಿ ನೃತ್ಯ ಅವರ ಕೈಹಿಡಿಯಿತು, ಕಾಳವ್ವ ಜೋಗತಿ ತಮ್ಮ ತಂಡಕ್ಕೆ ಸೇರಿಸಿಕೊಂಡರು. ‘ಬಾ, ಇಲ್ಲಿ ಕೂತ್ಕೋ’ ಎನ್ನುವ ಒಬ್ಬರು ಇದ್ದರು. ಭರವಸೆ ಬಹಳ ಸಲ ಇಷ್ಟೇ ಗಾತ್ರದ್ದು.

ಹಾಗಾಗಿ ನನ್ನ ತೀರ್ಮಾನ ಇದು. ದಾಟಿದವರು ಸಾಕ್ಷಿ ಹೇಳಲಿ, ಅದು ಅವರ ಹಕ್ಕು, ಅವರ ಔದಾರ್ಯ. ದಾಟುವ ಕಷ್ಟವೇ ಇಲ್ಲದ ನಾವು, ಅಂದರೆ ಸಹಪಾಠಿಗಳು, ಮೇಷ್ಟ್ರುಗಳು, ಅಪ್ಪ ಅಮ್ಮಂದಿರು, ಭವಿಷ್ಯ ನುಡಿಯುವುದನ್ನು ಬಿಟ್ಟು ಮಾತು ಕೊಡಬೇಕು. ಮಾತು ಕೊಟ್ಟವನು ಸಾಲಗಾರ, ನಾಳೆ ಅವನನ್ನು ನಿಲ್ಲಿಸಿ ಕೇಳಬಹುದು. ‘ನಾಳೆ ನಿನ್ನ ಪಕ್ಕ ಕೂರ್ತೀನಿ.’ ‘ಅವರು ನಕ್ಕರೆ ನಾನು ನಗಲ್ಲ.’ ‘ಹೆಡ್‌ಮಾಸ್ಟರ ಹತ್ರ ನಾನೂ ಬರ್ತೀನಿ.’ ಸಣ್ಣ ಮಾತುಗಳೇ, ಆದರೆ ‘ಯಾವಾಗ?’ ಎಂದರೆ ಇವುಗಳಿಗೆ ಉತ್ತರವಿದೆ.

ಇದನ್ನು ಓದುತ್ತಿರುವ ನೀನು ಆ ಹುಡುಗನಂತೆಯೇ ಒಬ್ಬನಾಗಿದ್ದರೆ, ಒಬ್ಬಳಾಗಿದ್ದರೆ: ತಪ್ಪು ನಿನ್ನ ನಡಿಗೆಯಲ್ಲಿಲ್ಲ, ನಿನ್ನ ದನಿಯಲ್ಲಿಲ್ಲ. ನಿನ್ನ ಮಾತನ್ನು ನಂಬುವ ಒಬ್ಬ ದೊಡ್ಡವರನ್ನು ಹುಡುಕು. ಮೊದಲನೆಯವರು ನಕ್ಕರೆ ಎರಡನೆಯವರ ಬಳಿ ಹೋಗು. ರಾತ್ರಿ ತೀರಾ ಭಾರವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡು, ಕನ್ನಡದಲ್ಲೇ ಮಾತಾಡಬಹುದು. ಸಹಾಯ ಕೇಳುವುದಕ್ಕೆ ದೊಡ್ಡವನಾಗುವ ತನಕ ಕಾಯಬೇಕಿಲ್ಲ.

ಅವನು ಎಸ್ಸೆಸ್ಸೆಲ್ಸಿ ಮುಗಿಸಿ ಊರು ಬಿಟ್ಟ. ಈಗ ಎಲ್ಲಿದ್ದಾನೋ ತಿಳಿಯದು. ಚೆನ್ನಾಗಿರಲಿ ಎಂದು ಹಾರೈಸುತ್ತೇನೆ, ಆದರೆ ಹಾರೈಕೆಯೂ ಕೂತಲ್ಲೇ ಮಾಡಬಹುದಾದ ಕೆಲಸವೆಂದು ಗೊತ್ತಿದೆ. ಈಗ ವಾರಕ್ಕೆರಡು ದಿನ ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹಿಂದಿನ ಬೆಂಚಿನಿಂದ ಅಂಥ ನಗು ಕೇಳಿಸಿದ ದಿನ ಪಾಠ ನಿಲ್ಲಿಸುತ್ತೇನೆ. ನಗು ನಿಂತ ಮೇಲೇ ಮುಂದುವರಿಸುತ್ತೇನೆ. ಅವನಿಗೆ ಕೊಡಬೇಕಿದ್ದ ಉತ್ತರವನ್ನು ಈಗ ಬೇರೆಯವರಿಗೆ ಕೊಡುತ್ತಿದ್ದೇನೆ, ತಡವಾಗಿ.